ನನ್ನ ಬಾಳೆಕಾಯಿ ಬೋಟು

ಆರನೇ ಕ್ಲಾಸಿನಲ್ಲಿ ನಾನು ಬಿಡಿಸಿದ ಬೋಟನ್ನು ಡ್ರಾಯಿಂಗ್ ಮೇಷ್ಟ್ರು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. "ಇದು ಬೋಟಲ್ಲ, ಬಾಳೆಕಾಯಿ. ನಿನಗೆ ಕೈಯೇ ಇಲ್ಲ ಮಾರಾಯ್ತಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ 27 ವರ್ಷ ಪೆನ್ನು ಹಿಡಿದದ್ದು ಲೆಕ್ಕ ಬರೆಯಲಿಕ್ಕೆ ಮಾತ್ರ. ಉಡುಪಿಯ ಒಂದು ಸೊಸೈಟಿಯಲ್ಲಿ ಕ್ಯಾಷ್ ಕೌಂಟರ್ ನನ್ನದು. ಮಗಳ ಶಾಲೆಯ ಚಾರ್ಟ್ ಇರಲಿ, ಮದುವೆಮನೆಯ ರಂಗೋಲಿ ಇರಲಿ, ಯಾರಾದರೂ ಕರೆದರೆ ನನ್ನ ಉತ್ತರ ರೆಡಿ: "ಎನ್ನ ಕೈಟ್ ಆಪುಜಿ." ನನ್ನ ಕೈಯಿಂದ ಆಗುವುದಿಲ್ಲ.

ನನ್ನ ತವರು ಶಂಕರಪುರ. ಹೌದು, ಮಲ್ಲಿಗೆಯ ಶಂಕರಪುರವೇ. ನಮ್ಮಲ್ಲಿ ಒಂದು ಚೆಂಡು ಅಂದರೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಮೊಗ್ಗು ಕೊಯ್ದು, ಒದ್ದೆ ಮಾಡಿದ ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸುವಷ್ಟರಲ್ಲಿ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಮಾತಾಡುತ್ತಾ, ಟಿವಿ ನೋಡುತ್ತಾ, ಜಗಳ ಆಡುತ್ತಾ ಕಟ್ಟುತ್ತೇನೆ. ಕೈ ಕಡೆ ನೋಡುವುದೇ ಇಲ್ಲ. ಆದರೆ ಅದು ಕೈಕೆಲಸ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಅದು ಸುಮ್ನೆ ಕೆಲಸ, ಅಷ್ಟೆ.

ಎರಡು ವರ್ಷದ ಹಿಂದೆ ರಜೆಗೆ ಬೆಂಗಳೂರಿನಿಂದ ಚಿಕ್ಕಮ್ಮನ ಮಗಳು ಬಂದಿದ್ದಳು. ಹೂ ಕಟ್ಟಲು ಕಲಿಸು ಅಂದಳು. ಹತ್ತು ನಿಮಿಷದಲ್ಲಿ ನಾರು ಬಿಸಾಡಿ, "ನನ್ನ ಕೈಲಿ ಆಗಲ್ಲ ಅಕ್ಕ. ನಿಮಗೆಲ್ಲ ಇದು ಹುಟ್ಟಿನಿಂದ ಬಂದಿದೆ" ಅಂದಳು. ನನಗೆ ಜೋರು ನಗು ಬಂತು. ಎಂಥ ಹುಟ್ಟಿನಿಂದ? ಎರಡು ವರ್ಷ ನಾನು ಕಟ್ಟಿದ್ದೆಲ್ಲ ಬಿಚ್ಚಿ ಬೀಳುತ್ತಿತ್ತು! ಅಮ್ಮ ಹಗ್ಗದ ಹಾಗೆ ಎಳೆದು ನೋಡುವುದು, ಹೂವೆಲ್ಲ ಉದುರುವುದು, "ಇಲ್ಲಿ ಬಿಗಿ ಸಾಲದು, ಇನ್ನೊಮ್ಮೆ ಕಟ್ಟು" ಅನ್ನುವುದು. ಇದನ್ನೆಲ್ಲ ಅವಳಿಗೆ ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿತು. ಅಮ್ಮ ಅಷ್ಟು ಸಲ ಬಿಚ್ಚಿಸಿದರೂ ಒಂದು ದಿನವೂ ನಿನಗೆ ಕೈ ಇಲ್ಲ ಅಂದಿರಲಿಲ್ಲ. ಬೈದದ್ದೆಲ್ಲ ಗಂಟಿಗೆ. ಮೇಷ್ಟ್ರು ಬೋಟಿನ ಬಗ್ಗೆ ಏನೂ ಹೇಳಿರಲೇ ಇಲ್ಲ. ಎಲ್ಲಿ ತಪ್ಪಿದೆ, ಯಾವ ಗೆರೆ ಎತ್ತಬೇಕು, ಒಂದು ಮಾತಿಲ್ಲ. ಹೇಳಿದ್ದು ಪೂರಾ ನನ್ನ ಬಗ್ಗೆ, ಮತ್ತೆ ನಾನು ಅದನ್ನೇ ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡು ಬಂದಿದ್ದೆ.

ಅಷ್ಟು ಗೊತ್ತಾದ ಕೂಡಲೇ ಎಲ್ಲ ಸರಿಯಾಯಿತು ಅಂತ ತಿಳಿಯಬೇಡಿ. ಮೊದಲು ಮಾಡಿದ್ದು ದಡ್ಡತನ. 1,200 ರೂಪಾಯಿ ಕೊಟ್ಟು ವಾಟರ್ ಕಲರ್ ಸೆಟ್ ತಂದೆ. ಅಷ್ಟು ಚೆಂದದ ಪೇಪರ್ ಹಾಳುಮಾಡಲು ಹೆದರಿಕೆಯಾಗಿ ಅದು ಕಪಾಟು ಸೇರಿತು, ಈಗಲೂ ಅಲ್ಲೇ ಉಂಟು. ಕನ್ನಡಿ ಮುಂದೆ ನಿಂತು "ನಾನು ಕಲಾವಿದೆ" ಅಂತ ದಿನಾ ಹೇಳಿಕೊಳ್ಳಿ ಅಂತ ಯಾರೋ ವೀಡಿಯೋದಲ್ಲಿ ಹೇಳಿದ್ದರು. ಎರಡು ದಿನ ಹೇಳಿದೆ. ಮೂರನೇ ದಿನ ಗಂಡ ಹಿಂದಿನಿಂದ ಕೇಳಿಸಿಕೊಂಡರು, ಅಲ್ಲಿಗೆ ಮುಗಿಯಿತು.

ಆಮೇಲೆ ಅಮ್ಮನ ದಾರಿಯೇ ಹಿಡಿದೆ. ಗೆರೆ ಇಲ್ಲದ 40 ರೂಪಾಯಿಯ ಪುಸ್ತಕ, ಒಂದು ಬಾಲ್ ಪೆನ್ನು. ರಬ್ಬರ್ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ ಅಲ್ವಾ, ಮಲ್ಪೆ ಬಂದರಿನ ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ರಿಪೇರಿಗೆ ದಡಕ್ಕೆ ಎಳೆದವುಗಳ ಹೊಟ್ಟೆ ಪೂರ್ತಿ ಕಾಣುತ್ತದೆ. ಅಲ್ಲಾಡದ ಮಾಡೆಲ್, ಪುಕ್ಕಟೆ. ಸಂಜೆ ಕೌಂಟರ್ ಮುಗಿಸಿ ವಾರಕ್ಕೆ ಮೂರು ದಿನ ಹೋದೆ, ಒಂದು ಕೈಯಲ್ಲಿ ಕೊಡೆ. ಜೆಲ್ ಪೆನ್ನು ಒಯ್ಯಬೇಡಿ, ಒಂದು ಹನಿ ಬಿದ್ದರೆ ಪುಟವೇ ಹೋಯಿತು.

ಮೊದಲ ದಿನ ಬಂದದ್ದು ಅದೇ ಬಾಳೆಕಾಯಿ. ಎದುರಿಗೆ ಅಷ್ಟು ದೊಡ್ಡ ಬೋಟು ನಿಂತಿದ್ದರೂ ಕೈ ಬಿಡಿಸಿದ್ದು ಆರನೇ ಕ್ಲಾಸಿನದ್ದನ್ನೇ! ಬೋಟು ಹೀಗಿರುತ್ತದೆ ಅಂತ ತಲೆಯಲ್ಲಿ ಒಂದು ಅಚ್ಚು ಇದೆ, ಕಣ್ಣು ಕೆಲಸ ಮಾಡುವ ಮೊದಲೇ ಅದು ಇಳಿದುಬಿಡುತ್ತದೆ. ಹಾಗಾಗಿ ನಾಲ್ಕನೇ ದಿನ ಬೋಟು ಬಿಡಿಸುವುದನ್ನೇ ಬಿಟ್ಟೆ. ಎರಡು ಬೋಟುಗಳ ಮೂತಿಯ ನಡುವೆ ಕಾಣುವ ಆಕಾಶದ ತುಂಡು ಇದೆಯಲ್ಲ, ಅದರ ಅಂಚು ಮಾತ್ರ ಬಿಡಿಸಿದೆ. ಆಕಾಶದ ತುಂಡಿಗೆ ತಲೆಯಲ್ಲಿ ಅಚ್ಚು ಇಲ್ಲ, ನೋಡದೆ ಬೇರೆ ದಾರಿ ಇಲ್ಲ. ಬಿಡಿಸಿ ಮುಗಿಸಿದಾಗ ಆಚೀಚೆ ಎರಡು ಮೂತಿ ತಾವಾಗಿ ಎದ್ದು ನಿಂತಿದ್ದವು, ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಎತ್ತರಕ್ಕೆ. ನಡು ಅಷ್ಟು ಬಾಗಿರುತ್ತದೆ, ಹಿಂದುಗಡೆ ಕತ್ತರಿಸಿದ ಹಾಗೆ ನೇರ ಇರುತ್ತದೆ ಅಂತ ಮಲ್ಪೆಯ ಮೀನು ತಿಂದು ಬೆಳೆದ ನನಗೆ ಆವತ್ತು ಗೊತ್ತಾಯಿತು.

ಪ್ರತಿ ಚಿತ್ರದ ಕೆಳಗೆ ಒಂದು ಸಾಲು ಬರೆಯುತ್ತಿದ್ದೆ. ಶರತ್ತು ಒಂದೇ, ಸಾಲು ಚಿತ್ರದ ಬಗ್ಗೆ ಇರಬೇಕು. "ಹಗ್ಗಕ್ಕೆ ಭಾರ ಇಲ್ಲ." "ಟಯರ್ ಮೊಟ್ಟೆ ಆಯಿತು." ಒಂದು ಪುಟದಲ್ಲಿ "ನನಗೆ ಇದು ಆಗುವ ಹೋಗುವ ಕೆಲಸ ಅಲ್ಲ" ಅಂತ ಬರೆದು, ಆಮೇಲೆ ಹೊಡೆದು ಹಾಕಿ "ಕ್ಯಾಬಿನ್ ಜಾಸ್ತಿ ಹಿಂದೆ ಹೋಯಿತು" ಅಂತ ಬರೆದದ್ದು ಈಗಲೂ ಇದೆ. ಆ ದನಿ ಹೋಗಿಲ್ಲ, ಕೌಂಟರಿನಲ್ಲಿ ಗಲಾಟೆಯಾದ ದಿನ ಖಂಡಿತ ಬರುತ್ತದೆ. ನಾನು ಅದರ ಜೊತೆ ವಾದಕ್ಕೆ ಹೋಗುವುದಿಲ್ಲ, ಯಾವ ಗೆರೆ ಅಂತ ಕೇಳುತ್ತೇನೆ. ಗೆರೆ ತೋರಿಸಲು ಅದಕ್ಕೆ ಬರುವುದಿಲ್ಲ.

ಇನ್ನೊಂದು ನೆಪವೂ ನನ್ನ ಹತ್ತಿರ ಇತ್ತು. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಹುಟ್ಟಿದ ಕಟ್ಟಿಂಗೇರಿ ನಮ್ಮಲ್ಲಿಂದ ದೂರವಿಲ್ಲ. ನಾಲ್ಕು ಗೆರೆಯಲ್ಲಿ ಮನುಷ್ಯರನ್ನು ಕುಣಿಸಿದವರು, ಅಂಥವರಿಗೆ ಅದು ಹುಟ್ಟಿನಿಂದಲೇ ಬಂದಿರಬೇಕು, ನಮಗೆಲ್ಲಿ? ಆಮೇಲೆ ಓದಿದರೆ, ಲಯ ಹಿಡಿಯಬೇಕು ಅಂತ ಅವರು ಕಥಕ್ ಕಲಿಯಲು ಹೋಗಿದ್ದರು. ಅಷ್ಟು ದೊಡ್ಡವರೇ ಗೆಜ್ಜೆ ಕಟ್ಟಿ ಕಲಿತದ್ದು ಅಂದಮೇಲೆ ನನ್ನ ನೆಪಕ್ಕೆ ಏನು ಬೆಲೆ!

ಜುಲೈ ಕೊನೆಯಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬರು ಎದ್ದು ಬಂದು ಹಿಂದೆ ನಿಂತರು. ನಾನು ಪುಸ್ತಕ ಮುಚ್ಚಲು ಹೋದೆ. "ಇರ್ಲಿ ಅಕ್ಕ" ಅಂದರು. ಸ್ವಲ್ಪ ಹೊತ್ತು ನೋಡಿ, ಬೆರಳಿಟ್ಟು ತೋರಿಸಿದರು: "ಈ ಬೋಟನ್ನು ನೀರಿಗೆ ಹಾಕಿದರೆ ಬಲಕ್ಕೆ ವಾಲ್ತದೆ. ಇಲ್ಲಿ ಹೊಟ್ಟೆ ಸಾಲದು." ನೋಡಿದರೆ ಹೌದು, ಸಾಲದು. ಮನೆಗೆ ಬರುವ ಬಸ್ಸಿನಲ್ಲಿ ನನಗೆ ನಗು ತಡೆಯಲಿಲ್ಲ. ವಾಲಲಿ ಮಾರ್ರೆ, ಅವರು ಅದನ್ನು ನೀರಿಗಂತೂ ಇಳಿಸಿದರಲ್ಲ!

ಕಳೆದ ವಾರ ಬೆಂಗಳೂರಿನಿಂದ ತಂಗಿ ಒಂದು ಫೋಟೋ ಕಳಿಸಿದಳು. ಮಾರ್ಕೆಟಿನ ಯಾವುದೋ ಹೂವು, ಹೊಲಿಗೆ ದಾರ, ಒಂದು ಗೇಣು ಮಾಲೆ. "ಹೇಗಿದೆ ಅಕ್ಕ?" ಅಂತ ಕೇಳಿದ್ದಳು. ಜೂಮ್ ಮಾಡಿ ನೋಡಿದೆ. "ಮೂರನೇ ಗಂಟು ಸಡಿಲ. ಬಿಚ್ಚಿ ಕಟ್ಟು" ಅಂತ ಬರೆದು ಕಳಿಸಿದೆ.