‘ಹದ’ ನನಗೆ ದಕ್ಕಿದ ಬಗೆ

ಹಳೆಯ ಕಾದಂಬರಿ ಓದುವಾಗ ಗೊತ್ತಿಲ್ಲದ ಪದ ಎದುರಾದರೆ ತಕ್ಷಣ ನಿಘಂಟಿಗೆ ಕೈಹಾಕಬೇಡಿ. ಆ ವಾಕ್ಯವನ್ನು ಹಿಂದುಮುಂದಿನ ವಾಕ್ಯಗಳ ಸಮೇತ ಬರೆದಿಟ್ಟುಕೊಳ್ಳಿ. ನಾನು ‘ಹದ’ ಕಲಿತದ್ದು ಹಾಗೆಯೇ. ಮೊದಲು ಕಂಡದ್ದು ಉಳುಮೆಯ ಪ್ರಸಂಗದಲ್ಲಿ: ಮಳೆ ನಿಂತು ಮಣ್ಣು ಹದಕ್ಕೆ ಬಂದಿತ್ತು. ‘ತೇವ’ ಇರಬೇಕು ಅಂದುಕೊಂಡೆ. ಇನ್ನೊಂದು ಕಥೆಯಲ್ಲಿ ಮಾತಿನ ಹದ ತಪ್ಪಿತ್ತು, ಮಾತಿಗೆಲ್ಲಿಯ ತೇವ? ಸಂಸಾರ ಹದಗೆಟ್ಟಿತು ಎಂಬಲ್ಲಿಗೆ ಬಂದಾಗ ಹೊಳೆಯಿತು: ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಕೆಲಸಕ್ಕೆ ಒದಗುವ ಸ್ಥಿತಿ ಅದು. ಎಷ್ಟು ಖುಷಿಯಾಯಿತೆಂದರೆ, ಆ ಪುಟಕ್ಕೆ ಗುರುತಿಟ್ಟೆ.

ಮೂರು ಬಳಕೆ ಸಿಕ್ಕ ಮೇಲೆ ನಿಘಂಟು ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಅರ್ಥದ ಜೊತೆ ಪ್ರಯೋಗಗಳನ್ನೂ ಕೊಡುತ್ತದೆ. ಆಮೇಲೆ ನಿಮ್ಮದೇ ಒಂದು ವಾಕ್ಯ ಕಟ್ಟಿ, ಗಟ್ಟಿಯಾಗಿ ಓದಿ.