ಎಂ.ಎಸ್. ಇರುವವರು ಕುಳಿತೇ ಇರುವ ಹೊತ್ತನ್ನು ತಗ್ಗಿಸುವ ಬಗೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ನರಗಳ ಕಾಯಿಲೆ ಇರುವವರಿಗೆ ಹಿಂದೆಲ್ಲ ವೈದ್ಯರೇ ಆದಷ್ಟು ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಿದ್ದರು. ಆ ಸಲಹೆ ಈಗ ಬದಲಾಗಿದೆಯಾದರೂ ಉಡುಪಿಯ ನಮ್ಮ ಮನೆಯಲ್ಲಿ ಅದು ಪ್ರೀತಿಯ ರೂಪದಲ್ಲಿ ಬಹುಕಾಲ ಉಳಿದುಕೊಂಡಿತ್ತು. ನೀರು ಕುಡಿಯಲು ಏಳಹೊರಟ ಅಕ್ಕನಿಗೆ ‘ನೀನು ಕೂತ್ಕೊ ಅಕ್ಕ, ನಾನು ತರ್ತೇನೆ’ ಎಂದು ನಾವು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಮೊದಲು ಬಿಡಬೇಕಾದದ್ದು ಈ ಮಾತನ್ನು.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿರುವ ಮಯಲಿನ್ ಹೊದಿಕೆಯನ್ನು ಹಾಳುಗೆಡಹುವುದರಿಂದ ದಣಿವು, ಸ್ನಾಯುಗಳ ಬಿಗಿತ, ಸಮತೋಲನದ ತೊಂದರೆ ಕಾಣಿಸಿಕೊಳ್ಳುತ್ತವೆ. ದಿನವಿಡೀ ಕುಳಿತೇ ಇದ್ದರೆ, ಬಳಸದ ಸ್ನಾಯುಗಳು ಸೊರಗಿ ಇನ್ನೊಂದು ಬಗೆಯ ನಿಶ್ಶಕ್ತಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದನ್ನು ಬಹುಮಟ್ಟಿಗೆ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ಅಂಗವೈಕಲ್ಯವಿರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ತೀವ್ರತೆಯ ದೈಹಿಕ ಚಟುವಟಿಕೆಯನ್ನು ಹೇಳುವುದರ ಜೊತೆಗೆ, ಕುಳಿತಿರುವ ಹೊತ್ತನ್ನು ಕಡಿಮೆ ಮಾಡುವುದನ್ನು ಬೇರೆಯೇ ಸಲಹೆಯಾಗಿ ಕೊಟ್ಟಿದೆ. ಬೆಳಿಗ್ಗೆ ಅರ್ಧ ಗಂಟೆ ನಡೆದು ಆಮೇಲೆ ಹತ್ತು ಗಂಟೆ ಕುರ್ಚಿ ಬಿಡದಿದ್ದರೆ ಕೆಲಸ ಅರ್ಧವೇ ಆದಂತೆ.

ಮೊದಲ ಮೂರು ದಿನ ಏನನ್ನೂ ಬದಲಿಸದೆ, ಯಾವಾಗ ಕುಳಿತಿರಿ, ಯಾವಾಗ ಎದ್ದಿರಿ, ದಣಿವು ಯಾವ ಹೊತ್ತಿಗೆ ಏರಿತು ಎಂಬುದನ್ನು ಬರೆದಿಡಿ. ಬಳಿಕ ಸುಮಾರು ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಏಳುವ ಅಭ್ಯಾಸವನ್ನು, ಹೇಗೂ ಮಾಡಲೇಬೇಕಾದ ಕೆಲಸವೊಂದಕ್ಕೆ ಜೋಡಿಸಿ. ಅಕ್ಕ ಬೀಡಿ ಕಟ್ಟುವವಳು. ನೆಲದಿಂದ ಏಳುವುದು ಕಷ್ಟವಾದ್ದರಿಂದ ಈಗ ಕೈಯಿರುವ ಕುರ್ಚಿಯಲ್ಲಿ ಕುಳಿತು ಗೆರಸೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಎರಡು ಕಟ್ಟು ಮುಗಿದಾಗಲೆಲ್ಲ ಗೆರಸೆ ಕೆಳಗಿಟ್ಟು, ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಆ ಕಟ್ಟುಗಳನ್ನು ಚಾವಡಿಯ ಇನ್ನೊಂದು ತುದಿಯ ಡಬ್ಬಿಯಲ್ಲಿ ಇಟ್ಟು ಬರುತ್ತಾಳೆ. ಡಬ್ಬಿಯನ್ನು ದೂರವಿಟ್ಟದ್ದು ಬೇಕೆಂದೇ. ಅಡುಗೆಮನೆಯಲ್ಲಾದರೆ ಕುಚ್ಚಲಕ್ಕಿ ಬೇಯುವ ಹೊತ್ತಿನಲ್ಲೇ ಎರಡು ಸಲ ಎದ್ದು ನೋಡಿ ಬರಬಹುದು. ನಿಲ್ಲಲಾಗದವರು ಕುಳಿತಲ್ಲೇ ಕೈಗಳನ್ನು ಮೇಲೆತ್ತಿ, ಪಾದಗಳನ್ನು ಆಡಿಸಿ, ದೇಹದ ಭಾರವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಬದಲಿಸಬೇಕು. ಒಂದೇ ಕಡೆ ಭಾರ ಬಿದ್ದು ಚರ್ಮದಲ್ಲಾಗುವ ಒತ್ತಡದ ಹುಣ್ಣು ತಪ್ಪಿಸಲೂ ಇದು ಅಗತ್ಯ.

ಕರಾವಳಿಯಲ್ಲಿ ದೊಡ್ಡ ತೊಡಕು ಸೆಕೆ. ಈ ಕಾಯಿಲೆಯಿರುವವರಿಗೆ ಮೈ ದಣಿಸಿದ ಬಳಿಕ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ 1890ರಲ್ಲೇ ದಾಖಲಿಸಿದ್ದರು; ಅದಕ್ಕೆ ಕಾರಣ ಮೈ ಬಿಸಿಯಾಗುವುದು ಎಂಬುದು ಆಮೇಲೆ ತಿಳಿಯಿತು. ಕಾಲು ಸೋಲುವುದೂ ಇದೇ ರೀತಿ ಆಗಬಹುದು, ಮೈ ತಣಿದ ಮೇಲೆ ಅದು ಸಾಮಾನ್ಯವಾಗಿ ಇಳಿಯುತ್ತದೆ. ಇದು ಹೊಸ ಹಾನಿಯಲ್ಲ ಎಂದು ತಿಳಿದಿದ್ದರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಇಲ್ಲಿನ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ, ಮಾರ್ಚ್‌ನಿಂದ ಮೇವರೆಗೆ ಹೆಚ್ಚಿನ ಓಡಾಟವನ್ನು ಬೆಳಗಿನ ತಂಪಿಗೆ ಸೇರಿಸಿ, ಫ್ಯಾನಿನ ಕೆಳಗೆ ನಡೆಯಿರಿ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳವನ್ನು ಬಿಟ್ಟು, ಗೋಡೆಗೆ ಕೈ ತಾಗುವ ಜಗಲಿಯಲ್ಲೇ ನಡೆಯಿರಿ.

ಈ ಕಾಯಿಲೆಯಲ್ಲಿ ಕಾಣಿಸುವ ಮೂತ್ರದ ಅವಸರಕ್ಕೆ ಹೆದರಿ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ಶೌಚಾಲಯದ ದಾರಿಯನ್ನು ತೆರವಾಗಿಟ್ಟು, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ. ದಣಿವು ಏರುವ ಮೊದಲೇ ಹದಿನೈದು ನಿಮಿಷ ಮಲಗಿ ಏಳುವುದು ಸೋಮಾರಿತನವಲ್ಲ, ಅದೂ ದಿನಚರಿಯ ಭಾಗವೇ.

ಹೊಸದಾಗಿ ಬಂದ ನಿಶ್ಶಕ್ತಿ ಅಥವಾ ದೃಷ್ಟಿದೋಷ 24 ಗಂಟೆ ಕಳೆದರೂ ಇಳಿಯದಿದ್ದರೆ ನರರೋಗ ತಜ್ಞರಿಗೆ ತಿಳಿಸಿ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಕಾಲನ್ನು ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಿ.