ಬಣ್ಣ ಬಿದ್ದ ಅಂಚು: ಬಿಡಿ ಪ್ಲಾನ್‌ಗಳನ್ನು ಸೆಂಪ್‌ನೊಳಗೆ ತರುವ ಬಗೆ

ಟ್ರಕ್ಕಿನ ಮೇಲೆ ಕೂರಿಸುವ ಒಂದು ರೇಡಾರ್ ಶೆಲ್ಟರ್‌ಗೆ, ಅಂದರೆ ಉಪಕರಣಗಳನ್ನಿಡುವ ಕೋಣೆಗೆ, ಇಎಂಐ ಪರೀಕ್ಷೆ ನಡೆಯುತ್ತಿತ್ತು. ಇಎಂಐ ಎಂದರೆ ಒಂದು ಉಪಕರಣದ ವಿದ್ಯುತ್ಕಾಂತ ಅಲೆಗಳು ಇನ್ನೊಂದಕ್ಕೆ ಮಾಡುವ ಅಡಚಣೆ. ಹೊರಗಿನ ರೇಡಿಯೋ ಅಲೆ ನುಗ್ಗದ ಪರೀಕ್ಷಾ ಚೇಂಬರ್ ನಮಗೆ ಸಿಕ್ಕಿದ್ದು ಎರಡೇ ವಾರ. ಮೂರನೆಯ ದಿನ ಆರ್‌ಇ102, ಅಂದರೆ ಪೆಟ್ಟಿಗೆಯಿಂದ ಹೊರಗೆ ಸೋರುವ ರೇಡಿಯೋ ಅಲೆಗಳ ಅಳತೆ, ಮಿತಿಯ ಗೆರೆ ದಾಟಿತು. ಪ್ರೋಬ್ ಹಿಡಿದು ಹುಡುಕುತ್ತಾ ಹೋದರೆ ಸಿಗ್ನಲ್ ಪ್ರಾಸೆಸರ್ ಇದ್ದ ಕ್ಯಾಬಿನೆಟ್‌ನ ಮುಚ್ಚಳದ ಸುತ್ತಲೇ ಸೋರಿಕೆ. ಬಿಚ್ಚಿ ನೋಡಿದೆವು. ಸಂದು ಮುಚ್ಚುವ, ವಿದ್ಯುತ್ ಹರಿಯಬಿಡುವ ಗ್ಯಾಸ್ಕೆಟ್ ಪಟ್ಟಿ ಕೂರುವ ಅಂಚಿನ ತುಂಬ ನೀಟಾಗಿ ಪ್ರೈಮರ್, ಅದರ ಮೇಲೆ ಆಲಿವ್ ಹಸಿರು ಬಣ್ಣ. ಸ್ಕ್ರೂನಿಂದ ಸ್ಕ್ರೂಗೆ 10 ಸೆಂಟಿಮೀಟರ್. ನಡುವೆ ಲೋಹಕ್ಕೆ ಲೋಹ ತಾಗದಿದ್ದರೆ ಆ ಸಂದು 1.5 ಗಿಗಾಹರ್ಟ್ಸ್‌ನಲ್ಲಿ ಸರಿಯಾಗಿ ಅರ್ಧ ತರಂಗದಷ್ಟು ಉದ್ದ. ಅದು ಸಂದಾಗಿ ಉಳಿಯುವುದಿಲ್ಲ, ಅಂಟೆನಾ ಆಗಿಬಿಡುತ್ತದೆ.

ಪೇಂಟ್ ಶಾಪಿನವರು ಡ್ರಾಯಿಂಗ್‌ನಲ್ಲಿ ಇದ್ದುದನ್ನೇ ಮಾಡಿದ್ದರು. ತುಕ್ಕು ತಡೆಯುವ ಪ್ಲಾನ್ 'ಅಲ್ಯೂಮಿನಿಯಂ ಮೈಗೆಲ್ಲ ಪ್ರೈಮರ್ ಮತ್ತು ಬಣ್ಣ' ಎಂದಿತ್ತು. ಇಎಂಐ ಕಂಟ್ರೋಲ್ ಪ್ಲಾನ್ 'ಗ್ಯಾಸ್ಕೆಟ್ ಅಂಚಿಗೆ ಕ್ರೋಮೇಟ್ ಲೇಪ ಮಾತ್ರ, ಜೋಡಣೆಯ ರೋಧ 2.5 ಮಿಲಿಓಮ್ ಮೀರಬಾರದು' ಎಂದಿತ್ತು. ಕ್ರೋಮೇಟ್ ವಿದ್ಯುತ್ತನ್ನು ಹರಿಯಬಿಡುತ್ತದೆ, ಬಣ್ಣ ಬಿಡುವುದಿಲ್ಲ. ಎರಡೂ ಸರಿ. ಎರಡನ್ನೂ ಗ್ರಾಹಕರು ಒಪ್ಪಿದ್ದರು. ಎರಡರ ಮೇಲೂ ಸಿಸ್ಟಮ್ಸ್ ಎಂಜಿನಿಯರ್ ಆಗಿ ನನ್ನ ಸಹಿ ಇತ್ತು. ಬಣ್ಣದ ಮಾತು ಡ್ರಾಯಿಂಗ್ ನೋಟ್‌ಗೆ ಇಳಿದಿತ್ತು. ಅಂಚಿಗೆ ಟೇಪ್ ಹಚ್ಚಿ ಬಣ್ಣ ತಪ್ಪಿಸಬೇಕೆಂಬ ಮಾತು ಪ್ಲಾನ್‌ನಲ್ಲೇ ಉಳಿದಿತ್ತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಎರಡರ ಹಗ್ಗವನ್ನೂ ಹಿಡಿದಿರಬೇಕಾದವಳು ನಾನು.

ಆ ಎರಡು ವಾರದ ನಂತರ ನಾನು ಕೆಲಸ ಮಾಡುವ ರೀತಿಯನ್ನೇ ಬದಲಿಸಿಕೊಂಡೆ. ಮೊದಲ ಸಲ ಸೆಂಪ್, ಅಂದರೆ ಇಡೀ ಪ್ರಾಜೆಕ್ಟಿನ ಎಂಜಿನಿಯರಿಂಗ್ ಕೆಲಸ ಹೇಗೆ ನಡೆಯಬೇಕೆಂದು ಹೇಳುವ ಸಿಸ್ಟಮ್ಸ್ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಪ್ಲಾನ್, ಬರೆಯಲು ಕೂತವರಿಗಾಗಿ ಅದನ್ನು ಇಲ್ಲಿ ಹೇಳುತ್ತಿದ್ದೇನೆ. ರಿಲಯಬಿಲಿಟಿ (ಕೆಡದೆ ಓಡುವುದು), ಮೇಂಟೇನಬಿಲಿಟಿ (ಸುಲಭವಾಗಿ ರಿಪೇರಿಯಾಗುವುದು), ಸೇಫ್ಟಿ, ಇಎಂಐ, ಹವೆ-ಕಂಪನಗಳ ಪರೀಕ್ಷೆ, ತುಕ್ಕು, ಬಳಸುವವರ ಅನುಕೂಲ, ಬಿಡಿಭಾಗಗಳ ಪೂರೈಕೆ: ಒಪ್ಪಂದದಲ್ಲಿ ಒಂದೊಂದಕ್ಕೂ ಒಂದೊಂದು ಪ್ಲಾನ್ ಕೇಳಿರುತ್ತಾರೆ. ಇವುಗಳನ್ನೇ ಸ್ಪೆಷಾಲಿಟಿ ಪ್ಲಾನ್ ಎನ್ನುವುದು. ಇವು ಬಿಡಿಬಿಡಿಯಾಗಿ ನಿಲ್ಲಬಾರದು ಎಂಬ ತಿಳಿವಳಿಕೆ ಹಳೆಯದು. ಅಮೆರಿಕದ ರಕ್ಷಣಾ ಇಲಾಖೆ 1974ರಲ್ಲಿ ಹೊರಡಿಸಿದ ಮಿಲ್-ಸ್ಟ್ಯಾಂಡರ್ಡ್ 499ಎ ಸೆಂಪ್‌ಗೆ ಮೂರು ಭಾಗ ಇರಬೇಕೆಂದಿತ್ತು: ಕಾರ್ಯಕ್ರಮದ ಯೋಜನೆ ಮತ್ತು ಹಿಡಿತ, ಸಿಸ್ಟಮ್ಸ್ ಎಂಜಿನಿಯರಿಂಗ್ ಪ್ರಕ್ರಿಯೆ, ಸ್ಪೆಷಾಲಿಟಿಗಳ ಜೋಡಣೆ. ಮೂರನೆಯ ಭಾಗಕ್ಕೆ ಬಂದಾಗ ಹೆಚ್ಚಿನವರು ಮಾಡುವುದು ಒಂದೇ, 'ವಿವರಕ್ಕೆ ಇಂಥ ಪ್ಲಾನ್ ನೋಡಿ' ಎಂದು ಎಂಟು ಸಾಲು ಬರೆದು ಮುಗಿಸುತ್ತಾರೆ. ನಾನೂ ಹಾಗೇ ಬರೆದಿದ್ದೆ. ಅದು ಜೋಡಣೆಯಲ್ಲ, ವಿಳಾಸದ ಪಟ್ಟಿ.

ಮೊದಲು ಪ್ಲಾನ್‌ಗಳನ್ನು ಓದಿ. ಪೂರ್ತಿ ಓದಿ, ಕೈಯಲ್ಲಿ ಪೆನ್ಸಿಲ್ ಇಟ್ಟುಕೊಂಡು. ಅರ್ಧದಷ್ಟು ಪುಟ ಸ್ಟ್ಯಾಂಡರ್ಡ್‌ನಿಂದ ಎತ್ತಿ ಹಾಕಿದ ಮಾತಾಗಿರುತ್ತದೆ, ಅದನ್ನು ದಾಟಿ ಹೋಗಿ. 'ಮಾಡಬೇಕು', 'ಇರಬೇಕು', 'ಕೊಡುತ್ತೇವೆ' ಎಂದಿರುವ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಆ ಒಂದೊಂದು ವಾಕ್ಯದ ಬಗ್ಗೆ ಬರೆದವರನ್ನೇ ಎದುರು ಕೂರಿಸಿಕೊಂಡು ಕೇಳಬೇಕಾದ್ದು ನಾಲ್ಕು ಪ್ರಶ್ನೆ. ಇದನ್ನು ಮಾಡಲು ನಿಮಗೆ ಯಾರಿಂದ ಏನು ಬೇಕು? ಯಾವ ತಾರೀಖಿಗೆ ಬೇಕು? ನೀವು ಕೊಡುವುದು ಯಾರ ಕೈಗೆ ಹೋಗುತ್ತದೆ? ಅವರು ಅದನ್ನು ನೋಡಿ ಏನನ್ನು ಬದಲಿಸುತ್ತಾರೆ? ನಾಲ್ಕನೆಯದಕ್ಕೆ ಉತ್ತರ ಬಾರದಿದ್ದರೆ ಆ ಕೆಲಸ ಯಾರಿಗೂ ಬೇಕಿಲ್ಲ ಎಂದರ್ಥ. ಗ್ರಾಹಕರೊಡನೆ ಮಾತಾಡಿ ಅದನ್ನು ಪ್ಲಾನ್‌ನಿಂದ ತೆಗೆಸಿ. ಉಳಿದದ್ದು ಮುಖ್ಯ ವೇಳಾಪಟ್ಟಿಯಲ್ಲಿ ಹೆಸರು, ತಾರೀಖು ಸಮೇತ ಬರಬೇಕು. ರಿಲಯಬಿಲಿಟಿಯವರು ಬೇರೆ ಎಕ್ಸೆಲ್ ಶೀಟ್‌ನಲ್ಲಿ ಇಟ್ಟುಕೊಂಡ ತಾರೀಖನ್ನು ಮೆಕ್ಯಾನಿಕಲ್ ಡಿಸೈನರ್ ಎಂದೂ ನೋಡುವುದಿಲ್ಲ.

ಆಮೇಲೆ ಆ ಮಾತುಗಳನ್ನು ರಿಕ್ವೈರ್‌ಮೆಂಟ್ ಮಾಡಿ, ನಂಬರ್ ಕೊಟ್ಟು, ಅದು ತಲುಪಬೇಕಾದ ಭಾಗದ ಸ್ಪೆಸಿಫಿಕೇಶನ್‌ಗೆ ಇಳಿಸಿ. ಟೆಸ್ಟ್, ವಿಶ್ಲೇಷಣೆ, ಕಣ್ಣಾರೆ ನೋಡುವ ತಪಾಸಣೆ, ಮಾಡಿ ತೋರಿಸುವುದು, ಈ ನಾಲ್ಕರಲ್ಲಿ ಯಾವುದರಿಂದ ಸಾಬೀತು ಎಂಬುದನ್ನೂ ಅಲ್ಲೇ ಬರೆಯಿರಿ. 'ಗ್ಯಾಸ್ಕೆಟ್ ಅಂಚಿಗೆ ಬಣ್ಣ ಬೇಡ' ಎಂಬುದು ಕ್ಯಾಬಿನೆಟ್ ಸ್ಪೆಸಿಫಿಕೇಶನ್‌ನಲ್ಲಿ ಒಂದು ನಂಬರ್ ಆಗಿದ್ದಿದ್ದರೆ ಡ್ರಾಯಿಂಗ್ ಚೆಕ್ ಮಾಡುವವರು ಆ ನೋಟ್‌ಗಾಗಿ ಹುಡುಕುತ್ತಿದ್ದರು, ಬಂದ ಕ್ಯಾಬಿನೆಟ್ಟಿಗೆ ಮಿಲಿಓಮ್ ಮೀಟರ್ ಹಿಡಿದು ನೋಡುತ್ತಿದ್ದರು. ಹತ್ತು ನಿಮಿಷದ ಕೆಲಸ ಅದು.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಲೆಕ್ಕದ ಪುಸ್ತಕ. ತೂಕ ಮತ್ತು ಕರೆಂಟಿಗೆ ಎಲ್ಲ ತಂಡಗಳೂ ಬಜೆಟ್ ಇಟ್ಟಿರುತ್ತವೆ. ಪ್ರೊಸೆಸರ್ 2 ಕಿಲೋ ಹೆಚ್ಚಾದರೆ ಅಂದೇ ಗಲಾಟೆ. ಅದೇ ಪುಸ್ತಕದಲ್ಲಿ, ಅದೇ ಹಾಳೆಯಲ್ಲಿ, ಕೆಡುವ ದರ ಮತ್ತು ರಿಪೇರಿಯ ನಿಮಿಷಗಳ ಕಾಲಂ ಹಾಕಿ. ಎಂಟಿಬಿಎಫ್, ಅಂದರೆ ಎರಡು ಕೆಡುವಿಕೆಗಳ ನಡುವಿನ ಸರಾಸರಿ, 400 ಗಂಟೆ ಬೇಕು ಎನ್ನೋಣ. ಅಂದರೆ 10 ಲಕ್ಷ ಗಂಟೆಯಲ್ಲಿ ಒಟ್ಟು 2500 ಸಲ ಕೆಡಲು ಅವಕಾಶ. ಅದನ್ನು ಹಂಚಬೇಕು. ಟ್ರಾನ್ಸ್‌ಮಿಟರ್‌ಗೆ 800, ಪವರ್ ಸಪ್ಲೈಗೆ 600, ಪ್ರೊಸೆಸರ್‌ಗೆ 500, ಕೂಲಿಂಗ್‌ಗೆ 300, ಕನ್ಸೋಲ್‌ಗೆ 200, ಕೈಯಲ್ಲಿ 100. ಪವರ್ ಸಪ್ಲೈಯವರು 750 ಎಂದು ಬಂದರೆ ಉಳಿದ 100 ಖಾಲಿಯಾಗಿ ಇನ್ನೂ 50 ಬೇರೆ ಯಾರಿಂದಲೋ ಕೇಳಬೇಕು. ಹೀಗೆ ಬರೆದ ಮೇಲೆ ರಿಲಯಬಿಲಿಟಿ ಎಂಬುದು ಬೇರೆ ವಿಭಾಗದವರ ವರದಿಯಾಗಿ ಉಳಿಯುವುದಿಲ್ಲ, ಪ್ರತಿ ಡಿಸೈನರ್‌ನ ಜೇಬಿನ ಮಾತಾಗುತ್ತದೆ. ಒಂದು ಎಚ್ಚರ ಬೇಕು. ಈ ದರಗಳನ್ನು ಎಲೆಕ್ಟ್ರಾನಿಕ್ ಭಾಗಗಳ ಕೆಡುವ ದರ ಅಂದಾಜಿಸುವ ಅಮೆರಿಕದ ಕೈಪಿಡಿ ಮಿಲ್-ಹ್ಯಾಂಡ್‌ಬುಕ್ 217ಎಫ್‌ನಿಂದ ತೆಗೆದಿದ್ದರೆ, ಅದರ ಎರಡನೇ ತಿದ್ದುಪಡಿಯೇ 1995ರದ್ದು. ಈ ಡಿಸೈನ್ ಮೇಲೋ ಆ ಡಿಸೈನ್ ಮೇಲೋ ಎಂದು ತೂಗಿ ನೋಡಲು ಅದು ಸಾಕು, ಗಡಿಯಲ್ಲಿ ಯಾವಾಗ ಕೆಡುತ್ತದೆಂದು ಹೇಳಲು ಸಾಲದು.

ಅದೇ ಹಾಳೆಯಲ್ಲಿ ಪೂರೈಕೆಯ ಕಾಲಂ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ. ಎಂಟಿಬಿಎಫ್ 400 ಗಂಟೆ, ರಿಪೇರಿಗೆ ಅರ್ಧ ಗಂಟೆ ಎಂದಾದರೆ ರೇಡಾರ್ ಕೆಲಸಕ್ಕೆ ಸಿದ್ಧವಿರುವ ಪಾಲು 99.88%. ಕೇಳಲು ಎಷ್ಟು ಚೆನ್ನ. ಕೆಟ್ಟ ಕಾರ್ಡಿಗೆ ಬದಲಿ ಕಾರ್ಡು ಡಿಪೋದಿಂದ ಬರಲು 48 ಗಂಟೆ ಹಿಡಿದರೆ ಆ ಪಾಲು 89.2%ಕ್ಕೆ ಇಳಿಯುತ್ತದೆ. ರಿಲಯಬಿಲಿಟಿಯವರು ಆರು ತಿಂಗಳು ಬೆವರು ಸುರಿಸಿ ಗಳಿಸಿದ್ದನ್ನು ಬಿಡಿಭಾಗದ ಪೆಟ್ಟಿಗೆಯ ಪಟ್ಟಿ ಒಂದೇ ಏಟಿಗೆ ಕಳೆಯುತ್ತದೆ. ಇಬ್ಬರ ಪ್ಲಾನ್‌ನಲ್ಲೂ ಈ ಸಂಖ್ಯೆ ಇರುವುದಿಲ್ಲ. ಇಬ್ಬರನ್ನೂ ಒಂದೇ ಹಾಳೆಗೆ ತಂದಾಗಲೇ ಅದು ಕಾಣುವುದು.

ಇನ್ನು ಜಗಳ. ಪ್ಲಾನ್‌ಗಳನ್ನು ಅಡ್ಡಕ್ಕೂ ಉದ್ದಕ್ಕೂ ಬರೆದು ಒಂದು ಚೌಕದ ಕೋಷ್ಟಕ ಮಾಡಿ. ಎರಡು ಪ್ಲಾನ್ ಸಂಧಿಸುವ ಪ್ರತಿ ಮನೆಯಲ್ಲೂ 'ಇವರಿಬ್ಬರೂ ಒಂದೇ ವಸ್ತುವನ್ನು ಎಲ್ಲಿ ಮುಟ್ಟುತ್ತಾರೆ?' ಎಂದು ಕೇಳಿ. ಇಎಂಐ ಮತ್ತು ತುಕ್ಕು: ಅಂಚಿನ ಬಣ್ಣ. ಕೂಲಿಂಗ್ ಮತ್ತು ಧೂಳು: ಗಾಳಿಯ ಕಿಂಡಿ. ರಿಲಯಬಿಲಿಟಿ ಮತ್ತು ತೂಕ: ಎರಡನೆಯ ಪವರ್ ಸಪ್ಲೈ. ಜೋಡಿ ಇಟ್ಟರೆ ಕಾರ್ಯಾಚರಣೆ ನಿಲ್ಲುವುದಿಲ್ಲ ನಿಜ, ಆದರೆ ಕೆಡುವ ವಸ್ತು ಎರಡಾಯಿತು, ರಿಪೇರಿಯೂ ಬಿಡಿಭಾಗವೂ ಹೆಚ್ಚಾದವು. ಬಹಳ ಮನೆಗಳು ಖಾಲಿ ಇರುತ್ತವೆ, ಅವನ್ನು ತುಂಬಲು ಹೋಗಬೇಡಿ.

ಮುಂದಿನ ಪ್ರಾಜೆಕ್ಟಿನಲ್ಲಿ ಇಎಂಐ ಮತ್ತು ರಿಪೇರಿಯ ಮನೆಯಲ್ಲಿ ಮತ್ತೆ ಅಂಥದ್ದೇ ಮುಚ್ಚಳ ಎದುರಾಯಿತು. ಇಎಂಐಯವರಿಗೆ 36 ಸ್ಕ್ರೂ ಬೇಕು. ಒಂದು ಸ್ಕ್ರೂ ಬಿಚ್ಚಲು 15 ಸೆಕೆಂಡ್, ಹಾಕಲು 20 ಸೆಕೆಂಡ್ ಎಂದರೂ ಮುಚ್ಚಳಕ್ಕೇ 21 ನಿಮಿಷ. ರಿಪೇರಿಗೆ ಇದ್ದದ್ದು 30 ನಿಮಿಷ. ಉಳಿದ 9 ನಿಮಿಷದಲ್ಲಿ ಕೆಟ್ಟ ಕಾರ್ಡು ಯಾವುದೆಂದು ತಿಳಿದು, ಬದಲಿಸಿ, ಮತ್ತೆ ಓಡಿಸಿ ನೋಡಬೇಕು. ಇಬ್ಬರೂ ತಮ್ಮ ತಮ್ಮ ಪ್ಲಾನ್ ತೋರಿಸಿ ವಾದಿಸುತ್ತಿದ್ದರೆ ಇದು ಮುಗಿಯುವ ಜಗಳವಲ್ಲ. ಲೆಕ್ಕದ ಹಾಳೆ ತೆರೆದೆವು. ತೂಕದಲ್ಲಿ ಇನ್ನೂ 4 ಕಿಲೋ ಕೈಯಲ್ಲಿತ್ತು. ಶೀಲ್ಡ್ ಮಾಡುವ, ಅಂದರೆ ಅಲೆ ಸೋರದಂತೆ ತಡೆಯುವ, ಕೆಲಸವನ್ನು ಮುಚ್ಚಳದಿಂದ ತೆಗೆದು ಒಳಗಿನ ಆರು ಪೆಟ್ಟಿಗೆಗಳಿಗೆ ಕೊಟ್ಟೆವು. ಪೆಟ್ಟಿಗೆಗೆ 400 ಗ್ರಾಂ ಹೆಚ್ಚು, ಒಟ್ಟು 2.4 ಕಿಲೋ. ಮುಚ್ಚಳ ಬರೀ ಮಳೆ-ಧೂಳಿಗಾಯಿತು, 36 ಸ್ಕ್ರೂ ಹೋಗಿ ಕೈಯಲ್ಲೇ ತಿರುಗಿಸುವ 8 ಲ್ಯಾಚ್ ಬಂದವು. ಡಿಸೈನ್ ಇನ್ನೂ ಕಾಗದದ ಮೇಲಿದ್ದಾಗ ಇದು ಒಂದು ಮಧ್ಯಾಹ್ನದ ಮಾತು. ಚೇಂಬರ್‌ನೊಳಗೆ ನಿಂತು ಇದನ್ನು ಮಾಡಲಾಗುವುದಿಲ್ಲ.

ಏನೇನು ಹೇಗೆ ಕೆಡಬಹುದೆಂಬ ಪಟ್ಟಿಯನ್ನು, ನಾವು ಫ್ಮೀಕಾ ಎನ್ನುತ್ತೇವೆ, ಒಂದೇ ಮಾಡಿ. ರಿಲಯಬಿಲಿಟಿಯವರದು ಒಂದು, ಸೇಫ್ಟಿಯವರದು ಇನ್ನೊಂದು, ಉಪಕರಣ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಬಿಲ್ಟ್-ಇನ್ ಟೆಸ್ಟ್ ಬರೆಯುವವರದು ಮತ್ತೊಂದು ಎಂದಾದರೆ ಮೂರು ತಿಂಗಳಲ್ಲಿ ಮೂರರ ಪಾರ್ಟ್ ನಂಬರ್‌ಗಳೂ ಬೇರೆಯಾಗಿರುತ್ತವೆ. ಒಂದೇ ಕೋಷ್ಟಕ, ಅದಕ್ಕೆ ಎಲ್ಲರ ಕಾಲಂ: ಕೆಟ್ಟರೆ ಜನರಿಗೆ ಅಪಾಯವೇ, ಸಾಫ್ಟ್‌ವೇರ್‌ಗೆ ಗೊತ್ತಾಗುತ್ತದೆಯೇ, ಎಷ್ಟು ನಿಮಿಷದ ರಿಪೇರಿ, ಯಾವ ಬಿಡಿಭಾಗ. ಸಾಫ್ಟ್‌ವೇರ್‌ನವರನ್ನು ಈ ಮೇಜಿಗೆ ಕರೆಯುವುದನ್ನು ಮರೆಯಬೇಡಿ. 1996ರ ಜೂನ್ 4ರಂದು ಮೊದಲ ಏರಿಯಾನ್ 5 ರಾಕೆಟ್ ಮೇಲೆದ್ದು ಒಂದು ನಿಮಿಷ ತುಂಬುವ ಮೊದಲೇ ಚೂರಾಯಿತು. ದಿಕ್ಕು ತಿಳಿಸುವ ಘಟಕ ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಇಟ್ಟಿದ್ದರು. ಎರಡರಲ್ಲೂ ಏರಿಯಾನ್ 4ರಿಂದ ಬಂದ ಒಂದೇ ಸಾಫ್ಟ್‌ವೇರ್. 64 ಬಿಟ್‌ನ ಒಂದು ಸಂಖ್ಯೆ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ, ಎರಡೂ ಒಂದೇ ಕಾರಣಕ್ಕೆ ನಿಂತವು. ಹಾರ್ಡ್‌ವೇರ್ ಆಕಸ್ಮಿಕವಾಗಿ ಕೆಡುತ್ತದೆ ಎಂಬ ಎಣಿಕೆಗೆ ಜೋಡಿ ಇಡುವುದು ಸರಿ. ಸಾಫ್ಟ್‌ವೇರ್ ಹಾಗೆ ಕೆಡುವುದಿಲ್ಲ. ಈ ಎರಡು ತಿಳಿವಳಿಕೆಗಳು ಒಂದೇ ಕೋಷ್ಟಕದಲ್ಲಿ ಎದುರಾಗಬೇಕು.

ರಿವ್ಯೂಗಳ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟು. ಪಿಡಿಆರ್‌ಗೆ, ಅಂದರೆ ಡಿಸೈನ್‌ನ ಆರಂಭಿಕ ರಿವ್ಯೂಗೆ, ಫ್ಮೀಕಾದ ಕರಡು, ಹಂಚಿದ ದರಗಳು, ಜಗಳದ ಕೋಷ್ಟಕ ಬಂದಿರದಿದ್ದರೆ ರಿವ್ಯೂ ಮುಂದಕ್ಕೆ ಹೋಗಲಿ. ಸಿಡಿಆರ್, ಅಂದರೆ ತಯಾರಿಕೆಗೆ ಮುಂಚಿನ ವಿವರವಾದ ಡಿಸೈನ್ ರಿವ್ಯೂ, ಆದ ಮೇಲೆ ಬರುವ ಫ್ಮೀಕಾ, ಊರು ಕೊಳ್ಳೆ ಹೋದ ಮೇಲೆ ಹಾಕಿದ ಕೋಟೆ ಬಾಗಿಲು. ಇಎಂಐ ಎಂಜಿನಿಯರ್ ವಯಸ್ಸಿನಲ್ಲಿ ಚಿಕ್ಕವನಿರಬಹುದು, ಎದುರಿಗಿರುವ ಪ್ರಾಜೆಕ್ಟ್ ಡೈರೆಕ್ಟರ್ ಹಿರಿಯರಿರಬಹುದು. 'ಬೇಡ' ಎನ್ನುವ ಅಧಿಕಾರ ಆ ಹುಡುಗನಿಗೆ ಇದೆಯೆಂದು ಸೆಂಪ್‌ನಲ್ಲೇ ಬರೆಯಿರಿ. ಆ 'ಬೇಡ'ವನ್ನು ಯಾರು, ಎಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದೂ ಬರೆಯಿರಿ. ಬರಹದಲ್ಲಿ ಇಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ ಕಿರಿಯರು ಸುಮ್ಮನಿರುತ್ತಾರೆ. ಬದಲಾವಣೆಯ ಫಾರಂಗೂ ಇದೇ ಮಾತು. ಒಂದು ಕನೆಕ್ಟರ್ ಬದಲಿಸಿದರೂ ಫಾರಂನಲ್ಲಿ ಎಲ್ಲ ಸ್ಪೆಷಾಲಿಟಿಗಳ ಚೌಕ ಇರಲಿ. 'ನನಗೆ ಸಂಬಂಧವಿಲ್ಲ' ಎಂದು ಅವರೇ ಸಹಿ ಮಾಡಲಿ, ನೀವು ಊಹಿಸಬೇಡಿ.

ಕೊನೆಗೆ ಪರೀಕ್ಷೆಗಳ ಸರದಿ. ಸಾಮಾನ್ಯವಾಗಿ ಚೇಂಬರ್ ಯಾವಾಗ ಖಾಲಿಯೋ ಆಗ ಇಎಂಐ ಮುಗಿಸಿಬಿಡುತ್ತಾರೆ, ಶೆಲ್ಟರ್ ಹೊಸದಾಗಿ ಹೊಳೆಯುತ್ತಿರುವಾಗ. ಹಾಗೆ ಮಾಡಬೇಡಿ. ಶೆಲ್ಟರ್ ಬಾಗಿಲಿನ ಸುತ್ತ ಬೆರಿಲಿಯಂ-ತಾಮ್ರದ ಸಣ್ಣ ಬೆರಳುಗಳಂಥ ಗ್ಯಾಸ್ಕೆಟ್ ಇರುತ್ತದೆ. ಸೈನಿಕರು ಬೂಟು ಹಾಕಿಕೊಂಡು ದಿನಕ್ಕೆ ಹತ್ತಾರು ಸಲ ಹತ್ತಿಳಿಯುವುದು ಅದರ ಮೇಲೆಯೇ. ಮೊದಲು ಕಂಪನದ ಪರೀಕ್ಷೆ ಆಗಲಿ. ಆಮೇಲೆ ರಿಪೇರಿ ಮಾಡಿ ತೋರಿಸುವ ಪರೀಕ್ಷೆ, ಅದೂ ಚಳಿಯ ಕೈಗವಸು ಹಾಕಿಕೊಂಡು, ನಿಮ್ಮ ಎಂಜಿನಿಯರ್‌ಗಳಿಂದಲ್ಲ, ಬಳಸುವವರಿಂದ. ಬಾಗಿಲು ಇನ್ನೂರು ಸಲ ತೆರೆದು ಮುಚ್ಚಲಿ, ಒಂದೆರಡು ಬೆರಳು ಬಾಗಲಿ. ಅದೇ ಶೆಲ್ಟರನ್ನು, ಒರೆಸದೆ, ಚೇಂಬರ್‌ಗೆ ತನ್ನಿ.